ಗುಡ್ಡ ಹಿಗ್ಗಿದ ಸಂಜೆ

ಬಿಸಿಲಿಗೆ ಕಾದ ಬಂಡೆಯ ಮೇಲೆ ಮಜ್ಜಿಗೆ ಹುಲ್ಲನ್ನು ಹೊಸಕಿದರೆ ಏಳುವ ವಾಸನೆ ಚಿಕ್ಕಂದಿನಿಂದ ನನ್ನ ಮೂಗಿನಲ್ಲಿ ಕೂತಿದೆ. ನಿಂಬೆಯಂಥದೇ, ಆದರೆ ನಿಂಬೆಗಿಂತ ಮೆದು. ಅದರೊಳಗೆ ಸ್ವಲ್ಪ ಬೆಚ್ಚಗಿನ ಕಲ್ಲು, ಸ್ವಲ್ಪ ಅಮ್ಮನ ಒಗೆದ ಸೀರೆ. ನಾನಾಗ ಮೂರನೇ ಕ್ಲಾಸು. ಒಂದು ಮಧ್ಯಾಹ್ನ ಅಮ್ಮ ಒಲೆ ಆರಿಸಿ, ಯಾರಿಗೂ ಹೇಳದೆ, ನನ್ನ ಕೈ ಹಿಡಿದುಕೊಂಡು ನಮ್ಮೂರ ಗುಡ್ಡ ಹತ್ತಿದಳು. ತುದಿಯ ಬೇವಿನ ಮರ ದಾಟಿ, ಎರಡು ಬಂಡೆಗಳ ನಡುವಿನ ಸಂದಿನಲ್ಲಿ ಅಡ್ಡಡ್ಡ ನುಸುಳಿದರೆ ಆಚೆ ಕಡೆ ಬೋಗುಣಿಯ ಹಾಗೆ ತಗ್ಗಾದ ಒಂದು ಜಾಗ. ಅದರ ತುಂಬ ಆ ಹುಲ್ಲು. ಅಮ್ಮ ನಡುಮಧ್ಯೆ ಕೂತು ಜಡೆ ಬಿಚ್ಚಿದಳು. ಗಾಳಿಗೆ ಅವಳ ಕೂದಲು, ಹುಲ್ಲು ಎರಡೂ ಒಂದೇ ಕಡೆಗೆ ಬಾಗುತ್ತಿದ್ದವು. "ನಾವ್ಯಾಕಮ್ಮ ಬಂದ್ವಿ?" ಎಂದು ಕೇಳಿದೆ. ಅವಳು ನಕ್ಕಳು, ಹೇಳಲಿಲ್ಲ. ಆಮೇಲೆ ನಾನು ಎಷ್ಟು ಸಲ ಹತ್ತಿದರೂ ಆ ಎರಡು ಬಂಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ನಡುವೆ ಒಂದು ಪೋಸ್ಟ್‌ಕಾರ್ಡು ಕೂಡ ತೂರುತ್ತಿರಲಿಲ್ಲ.

ನಮ್ಮ ಗುಡ್ಡವೇ ಹಾಗೆ. ಅದರ ಮೇಲಿರುವವರೆಲ್ಲ ಒಂದೇ ಕಾರಣಕ್ಕೆ ಬಂದವರಾದರೆ ಚಿಕ್ಕದಾಗುತ್ತದೆ. ಬೇರೆ ಬೇರೆ ಕಾರಣಕ್ಕೆ ಬಂದವರಾದರೆ ದೊಡ್ಡದಾಗುತ್ತದೆ. ಬೇರೆ ಊರುಗಳಲ್ಲಿ ಗುಡ್ಡಗಳು ಯಾವಾಗಲೂ ಇದ್ದಷ್ಟೇ ಇರುತ್ತವೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ಹಾಸ್ಟೆಲ್ಲಿನ ಗೆಳತಿಯರು ನನ್ನ ಮಾತು ಕೇಳಿ ಬಿದ್ದು ಬಿದ್ದು ನಕ್ಕರು. ನನಗೆ ಅವರ ಗುಡ್ಡಗಳ ಬಗ್ಗೆ ಪಾಪ ಅನ್ನಿಸಿತು.

ಊರಿನವರಿಗೆ ಇದರೊಂದಿಗೆ ಬಾಳುವುದು ರೂಢಿಯಾಗಿತ್ತು. ನಮ್ಮ ಪಕ್ಕದ ಮನೆಯಲ್ಲಿ ಅತ್ತಿಗೆ ನಾದಿನಿಯರು ಚಪ್ಪಲಿ ಮೆಟ್ಟುತ್ತ ಆಡುತ್ತಿದ್ದ ಮಾತು ನನಗೆ ಇವತ್ತಿಗೂ ನೆನಪಿದೆ.

"ಅತ್ತಿಗೆ, ನೀವ್ಯಾಕೆ ಹೋಗ್ತಿದೀರಿ?"

"ಗಾಳಿಗೆ. ನೀನು?"

"ನಾನೂ ಗಾಳಿಗೇ."

"ಹಾಗಾದ್ರೆ ಬಿಡು, ನಾನು ನಿಮ್ಮಣ್ಣನ ಮೇಲೆ ಸಿಟ್ಟು ಮಾಡ್ಕೊಂಡು ಹೋಗ್ತೀನಿ."

"ಅಣ್ಣ ಏನ್ಮಾಡ್ದ?"

"ಏನೋ ಮಾಡಿರ್ತಾರೆ. ಹತ್ತುವಾಗ ಜ್ಞಾಪಿಸ್ಕೋತೀನಿ."

ತುದಿ ಮುಟ್ಟುವಷ್ಟರಲ್ಲಿ ಆ ಅತ್ತಿಗೆಗೆ ನಿಜವಾಗಿಯೂ ಸಿಟ್ಟು ಬಂದಿರುತ್ತಿತ್ತು. ಬರಲೇಬೇಕು, ಏಕೆಂದರೆ ಗುಡ್ಡದ ಹತ್ತಿರ ಸುಳ್ಳು ನಡೆಯುವುದಿಲ್ಲ.

ಕೆಟ್ಟದ್ದು ಸೂರ್ಯಾಸ್ತದಿಂದ. ಯಾರೋ ಪರಊರಿನವರು ಬೇವಿನ ಮರದ ಕೆಳಗೆ ನಿಂತು ಮುಳುಗುವ ಸೂರ್ಯನ ಫೋಟೊ ತೆಗೆದು ಲೋಕಕ್ಕೆಲ್ಲ ತೋರಿಸಿದರು. ಬಸ್ಸುಗಳು ಬರತೊಡಗಿದವು. ಗುಡ್ಡದ ಸಮಿತಿಯವರು ಖುಷಿಯಾಗಿ ಬೇವಿನ ಮರಕ್ಕೆ ಕಟ್ಟೆ ಕಟ್ಟಿಸಿದರು, ಕಂಬಿ ಹಾಕಿಸಿದರು, 'ಸೂರ್ಯಾಸ್ತ ವೀಕ್ಷಣಾ ಸ್ಥಳ' ಎಂದು ಬಾಣದ ಗುರುತಿನ ಬೋರ್ಡು ನೆಡಿಸಿದರು. ಸುಮ್ಮನೆ ತಿರುಗಾಡಲು ಬಂದವರೂ ಬೋರ್ಡು ನೋಡಿ ಸೂರ್ಯಾಸ್ತಕ್ಕೇ ಬಂದವರಾದರು. ಸಂಜೆಯಾದರೆ ಸಾಕು, ಗುಡ್ಡ ಮೈ ಹಿಡಿದುಕೊಳ್ಳುತ್ತಿತ್ತು. ಕಾಲುದಾರಿ ಹೆಗಲಗಲವಾಗುತ್ತಿತ್ತು. ದೂರ ದೂರ ಹಾಕಿದ್ದ ಕಲ್ಲುಬೆಂಚುಗಳು ಸರಿದು ಬಂದು ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಜನ ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ನಿಂತು, ಮುಂದಿನವರ ತಲೆಯ ಸಂದಿಯಲ್ಲಿ ಸೂರ್ಯನನ್ನು ನೋಡಿ ಇಳಿಯುತ್ತಿದ್ದರು. ಅಷ್ಟು ನೂಕುನುಗ್ಗಲಿನಲ್ಲೂ ಮುಂದಿದ್ದ ಗಂಡಸೊಬ್ಬ ತನ್ನ ಹಿಂದಿದ್ದ ಅಪರಿಚಿತರ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದರೆ ಗುಡ್ಡಕ್ಕೆ ಅದೊಂದು ಸಾಲದು.

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ದಿನವೂ ಗೇಟಿನ ಬಳಿ ಕೂರುತ್ತಿದ್ದೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವಳಲ್ಲವೇ, ಕಾರಣ ಕೇಳುವ ಚಟ ಹೋಗಿರಲಿಲ್ಲ. ಕಾವಲುಗಾರ ಪೀರಪ್ಪ ಬೀಗ ತೆಗೆಯುತ್ತಿದ್ದ, ನಾನು "ಯಾಕೆ ಬಂದ್ರಿ?" ಎಂದು ಕೇಳುತ್ತಿದ್ದೆ. ಒಂದೇ ಕಾರಣದವರು ಹೆಚ್ಚಾದರೆ "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಒಂದೇ. ಕಾಲಲ್ಲಿ ಇನ್ನೂ ಶಕ್ತಿ ಇರುವಾಗಲೇ ಒಂದು ಸಲ ಆ ಬೋಗುಣಿಯಲ್ಲಿ ಕೂರಬೇಕು, ಅಮ್ಮ ಕೂತಲ್ಲಿ.

ಹೀಗಿರುವಾಗ ಗುಡ್ಡಕ್ಕೆ ಹೊಸ ಮ್ಯಾನೇಜರ್ ಬಂದಳು. ಭುವನಾ ಎಂದು ಹೆಸರು, ಬಯಲುಸೀಮೆಯ ಹುಡುಗಿ, ತಲೆಗೆ ಯಾವಾಗಲೂ ಒಂದು ಗಂಡಸರ ಟೋಪಿ. ಬಂದ ವಾರದಲ್ಲೇ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಮೇಡಂ, ಇಲಾಖೆಯ ಮೇಲಿನವರು ಹೇಳ್ಬಿಟ್ಟಿದಾರೆ. ಯುಗಾದಿ ಕಳೆಯೋದ್ರೊಳಗೆ ಗುಡ್ಡ ಜನಾನ ಹಿಡಿಯೋ ಹಾಗೆ ಆಗ್ದಿದ್ರೆ ಗೇಟಿಗೆ ಖಾಯಂ ಬೀಗ ಅಂತೆ. ಕಾಲ್ತುಳಿತ ಆಗಿ ಯಾರಿಗಾದ್ರೂ ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಅಂತಾರೆ" ಎಂದಳು. ಬೀಗ ಬಿದ್ದರೆ ಬೋಗುಣಿಯೂ ಮುಗಿಯಿತು.

ಸಮಿತಿಯ ಅಧ್ಯಕ್ಷರು ಪುಟ್ಟಸಿದ್ಧಪ್ಪನವರು, ಬಟ್ಟೆ ಅಂಗಡಿಯವರು. ಅವರಿಗೊಂದು ಉಪಾಯ ಹೊಳೆಯಿತು. ಒಂದು ಭಾನುವಾರ ಊರಿಗೆ ಊರೇ ಗುಡ್ಡ ಹತ್ತುವುದು, ಒಬ್ಬೊಬ್ಬರಿಗೆ ಒಂದೊಂದು ಕಾರಣ ಬರೆದ ಚೀಟಿ ಕೊಡುವುದು, ಗುಡ್ಡ ಹಿಗ್ಗಿದ್ದನ್ನು ಮೇಲಿನವರನ್ನು ಕರೆಸಿ ತೋರಿಸುವುದು. ಕೇಳಿದವರೆಲ್ಲ ಭೇಷ್ ಎಂದರು. ಚೀಟಿ ಬರೆದವಳು ನಾನೇ, ಅಕ್ಷರ ದುಂಡಗಿದೆ ಎಂದು. ಒಬ್ಬರಿಗೆ 'ಚಿಟ್ಟೆ ನೋಡಲು', ಒಬ್ಬರಿಗೆ 'ಮಗಳ ಮದುವೆಯ ವಿಷಯ ಯೋಚಿಸಲು', ಇನ್ನೊಬ್ಬರಿಗೆ 'ಸುಮ್ಮನೆ'. ಹೂವಾಡಗಿತ್ತಿಯರೂ ಬ್ಯಾಂಕಿನವರೂ ಚೀಟಿ ಅದಲುಬದಲು ಮಾಡಿಕೊಂಡು, ನಗುತ್ತ, ಹಬ್ಬದ ಬಟ್ಟೆ ಹಾಕಿಕೊಂಡು ಹೊರಟರು.

ನಾವು ಅರ್ಧ ಹತ್ತುವಷ್ಟರಲ್ಲೇ ಗುಡ್ಡ ಕುಗ್ಗತೊಡಗಿತು. ಮೊದಲು ದಾರಿ ಹೋಯಿತು. ಆಮೇಲೆ ಕುರುಚಲು ಗಿಡಗಳು ನಮ್ಮ ಕಾಲಬುಡಕ್ಕೇ ಬಂದವು. ಕೊನೆಗೆ ಇಡೀ ಊರು ಒಂದು ಮದುವೆ ಚಪ್ಪರದಷ್ಟು ಜಾಗದಲ್ಲಿ ಒಬ್ಬರ ಸೊಂಟ ಒಬ್ಬರು ಹಿಡಿದು ನಿಂತಿತ್ತು. ಬೇವಿನ ಮರ ಕೊಡೆಯಷ್ಟಾಗಿ ಪುಟ್ಟಸಿದ್ಧಪ್ಪನವರ ಬೋಳುತಲೆಯ ಮೇಲೆ ಹೂ ಉದುರಿಸುತ್ತಿತ್ತು.

"ಯಾರ್ರೀ ಅದು ಚೀಟಿ ಓದ್ದೆ ಬಂದೋರು?" ಎಂದು ಅವರು ಗದರಿದರು.

"ನಿಮ್ಮ ಚೀಟೀಲಿ ಏನಿತ್ತು ಸ್ವಾಮಿ?" ಎಂದು ಜುಲೇಖಾಬಿ ಕೇಳಿದಳು. ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುವವಳು, ನನ್ನ ಹಳೆಯ ಗೆಳತಿ. ಆ ಹೊತ್ತಿಗೆ ಅವಳ ಮೊಣಕೈ ನನ್ನ ಪಕ್ಕೆಲುಬಿನಲ್ಲಿತ್ತು.

"ಧ್ಯಾನ ಮಾಡೋಕೆ ಅಂತ."

"ಮಾಡಿದ್ರಾ?"

"ಗುಡ್ಡ ಎಷ್ಟು ದೊಡ್ಡದಾಯ್ತು ಅಂತ ನೋಡ್ಬೇಡ್ವೇನಮ್ಮ ನಾನು?"

ನಾನು ನನ್ನ ಕೈಯಲ್ಲಿದ್ದ ಚೀಟಿ ನೋಡಿಕೊಂಡೆ. 'ಬೇವಿನ ಹೂ ಆರಿಸಲು' ಎಂದಿತ್ತು. ಒಂದು ಹೂವನ್ನೂ ನಾನು ಆರಿಸಿರಲಿಲ್ಲ. ಗುಡ್ಡ ಹಿಗ್ಗುವುದನ್ನೇ ಕಾಯುತ್ತಿದ್ದೆ. ಚೀಟಿ ನೂರು ತರಹ, ಒಳಗಿದ್ದದ್ದು ಒಂದೇ. ಭುವನಾ ಜನರ ನಡುವಿನಿಂದ ಟೋಪಿಯನ್ನಷ್ಟೇ ಮೇಲೆತ್ತಿ, "ಮೇಡಂ, ನಿಮಗೂ ಗೊತ್ತಾಯ್ತಾ?" ಎಂದು ಕೂಗಿದಳು. "ಆಯ್ತು ಕಣಮ್ಮ" ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಪಕ್ಕದವರಿಗೆ, ಅವರ ಪಕ್ಕದವರಿಗೆ ಹಬ್ಬಿ ಇಡೀ ಚಪ್ಪರ ಅಲುಗಾಡಿತು. ಮೇಲಿನವರು ಮಾತ್ರ ನಗಲಿಲ್ಲ. ಕಾರಿನಿಂದ ಇಳಿಯದೆ, ಯುಗಾದಿಯ ಗಡುವು ನೆನಪಿಸಿ ಹೋದರು.

ಮರುದಿನ ಭುವನಾ ನಮ್ಮ ಮನೆಗೆ ಬಂದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತ, "ಮೇಡಂ, ಗೇಟಲ್ಲಿ ಕೇಳಿದ್ರೆ ಯಾರು ನಿಜ ಹೇಳ್ತಾರೆ? 'ಯಾಕೆ ಬಂದ್ರಿ' ಅಂದ್ರೆ ನಂಗೂ ಏನು ಹೇಳ್ಬೇಕೋ ತಿಳಿಯಲ್ಲ. ಬೋರ್ಡಲ್ಲಿ ಏನು ಬರ್ದಿದ್ಯೋ ಅದನ್ನೇ ಹೇಳ್ಬಿಡ್ತೀನಿ" ಎಂದಳು.

"ಮತ್ತೆ ಹೇಗೆ ಕೇಳ್ಬೇಕು ಅಂತೀಯ?"

"ಗುಡ್ಡದ ಮಾತೇ ಎತ್ತೋದು ಬೇಡ. ಮನೇಲಿ ಏನು ಮಾಡೋಕೆ ಜಾಗ ಇಲ್ಲ ಅಂತ ಕೇಳೋಣ."

ನಾವಿಬ್ಬರೂ ಸಂತೆಗೆ ಹೋದೆವು, ಆಸ್ಪತ್ರೆಗೆ, ನಲ್ಲಿಕಟ್ಟೆಗೆ ಹೋದೆವು. ತರಕಾರಿ ಆರಿಸುತ್ತ ಕೇಳಿದೆವು. ಆಹಾ, ಜನರಿಗೆ ಎಷ್ಟೊಂದು ಬೇಕಿತ್ತು. ನೈಟ್ ಡ್ಯೂಟಿಯ ನರ್ಸ್ ಫಿಲೋಮಿನಾಗೆ ಯಾರೂ ಕರೆಗಂಟೆ ಒತ್ತದ ಕಡೆ ಹಗಲು ನಿದ್ದೆ ಮಾಡಬೇಕಿತ್ತು. ಜುಲೇಖಾಬಿ ಈ ವಯಸ್ಸಿನಲ್ಲಿ ಸೈಕಲ್ ಕಲಿಯಬೇಕಿತ್ತು, ಆದರೆ ಅಳಿಯನ ಕಣ್ಣಿಗೆ ಬೀಳದ ಹಾಗೆ. ನಿವೃತ್ತ ಪೋಸ್ಟ್‌ಮಾಸ್ತರರಿಗೆ ಗಟ್ಟಿಯಾಗಿ ಕೆಮ್ಮಬೇಕಿತ್ತು. "ಮನೇಲಿ ಒಂದ್ಸಲ ಕೆಮ್ಮಿದ್ರೆ ಸೊಸೆ ಎದ್ದು ಬಿಸಿನೀರು ತರ್ತಾಳಮ್ಮ. ಪಾಪ, ಅವಳ ನಿದ್ದೆ ಕೆಡಿಸೋಕೆ ಮನಸ್ಸು ಬರಲ್ಲ" ಎಂದರು. ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ ವೆಂಕಟಪತಿಗೆ ತಪ್ಪು ತಪ್ಪಾಗಿ ನುಡಿಸುವುದಕ್ಕೆ ಒಂದು ಜಾಗ ಬೇಕಿತ್ತು. ಅನುಸೂಯಕ್ಕನಿಗೆ ಸಂಡಿಗೆ ಒಣಗಿಸಲು ಬಿಸಿಲು ಬೇಕಿತ್ತು. ಅವರ ತಾರಸಿಯ ಬಿಸಿಲನ್ನು ಎದುರಿನ ಹೊಸ ಕಟ್ಟಡ ನುಂಗಿತ್ತು.

ಭುವನಾ ಒಂದು ಮಾತೂ ಹೇಳದೆ ಕೆಲಸ ಶುರುಮಾಡಿದಳು. ಬಾಣದ ಬೋರ್ಡನ್ನು ರಿಪೇರಿಗೆಂದು ತೆಗೆಸಿದಳು, ಅದು ರಿಪೇರಿಯಾಗಿ ಬರಲೇ ಇಲ್ಲ. ಮಧ್ಯಾಹ್ನ ಮುಚ್ಚುತ್ತಿದ್ದ ಗೇಟನ್ನು ತೆರೆದಿಟ್ಟಳು. ಪೂರ್ವದ ಕಡೆ ಒಂದಿಷ್ಟು ಕಲ್ಲು ಎತ್ತಿಸಿ ಸಮ ಮಾಡಿಸಿದಳು, ಅದು ಸೈಕಲ್ಲಿಗೆಂದು ಹೇಳಲಿಲ್ಲ. ಹುಣಸೆ ಮರದ ನೆರಳಿನಲ್ಲಿ ಒಂದು ಉದ್ದನೆಯ ಬೆಂಚು ಹಾಕಿಸಿದಳು, ಅದು ಮಲಗಲಿಕ್ಕೆಂದು ಹೇಳಲಿಲ್ಲ. ಅನುಸೂಯಕ್ಕನ ಎದುರಿಗೆ ಮಾತ್ರ, "ಅಲ್ಲೊಂದು ಹಾಸುಬಂಡೆ ಇದೆ ನೋಡಿ, ಇಡೀ ದಿನ ಬಿಸಿಲು ಸುಮ್ಮನೆ ಹಾಳಾಗ್ತದೆ" ಎಂದಳಂತೆ. ಜನ ತಾವಾಗಿಯೇ ಹತ್ತತೊಡಗಿದರು. ನಾನು ಗೇಟಿನಲ್ಲಿ ಕಾರಣ ಕೇಳುವುದನ್ನು ಬಿಟ್ಟು, ಕುಡಿಯುವ ನೀರು ಕೊಡುತ್ತ ಕೂತೆ. ತುಟಿ ತುದಿಗೆ ಬಂದ ಪ್ರಶ್ನೆಯನ್ನು ನುಂಗುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಗುಡ್ಡ ಕಳ್ಳಹೆಜ್ಜೆ ಇಟ್ಟು ಬೆಳೆಯಿತು. ಮೊದಲು ಪೀರಪ್ಪ ಗೊಣಗಿದ. "ಅಕ್ಕೋರೆ, ಒಂದು ಸುತ್ತು ಹಾಕ್ಬರೋಕೆ ಮುಂಚೆ ಒಂದು ಬೀಡಿ ಹಿಡೀತಿತ್ತು. ಈಗ ಎರಡು ಬೀಡಿ ಮುಗುದ್ರೂ ಗೇಟು ಕಾಣಲ್ಲ." ಆಮೇಲೆ ನಮ್ಮ ಅಜ್ಜಂದಿರ ಮಾತಿನಲ್ಲಷ್ಟೇ ಇದ್ದ ಒಂದು ಕಲ್ಲುಮಂಟಪ ಒಂದು ಬೆಳಿಗ್ಗೆ ಸುಮ್ಮನೆ ನಿಂತಿತ್ತು, ಎಲ್ಲಿಗೂ ಹೋಗೇ ಇರಲಿಲ್ಲವೆಂಬಂತೆ. ಸುತ್ತ ಯಾರೂ ಕಂಡರಿಯದ ನೇರಳೆ ಗಿಡಗಳಿದ್ದವು. ನನಗೆ ರಾತ್ರಿ ನಿದ್ದೆ ಬಾರದು, ಹಗಲು ಊಟ ಸೇರದು. ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗಿಯ ಹಾಗಾಗಿದ್ದೆ.

ಬೋಗುಣಿಯ ಆಸೆಯನ್ನು ನಾನು ಭುವನಾಗೊಬ್ಬಳಿಗೇ ಹೇಳಿದ್ದೆ. ಒಂದು ಶನಿವಾರ ಅವಳು ಓಡೋಡಿ ಬಂದಳು. ಟೋಪಿ ಕೈಯಲ್ಲಿತ್ತು.

"ಮೇಡಂ, ಬಂಡೆಗಳ ನಡುವೆ ಬೆಳಕು ಕಾಣ್ತಿದೆ. ಕೈ ಹೋಗ್ತದೆ. ಬನ್ನಿ, ಈಗ್ಲೇ ಬನ್ನಿ. ನಾಳೆ ಊರಿಗೆಲ್ಲ ಗೊತ್ತಾದ್ರೆ ಎಲ್ರೂ ಅದನ್ನೇ ನೋಡೋಕೆ ಬರ್ತಾರೆ, ಮುಗೀತು ಕಥೆ."

"ನೀನು ಬರಲ್ವೇ?"

"ನಾನು ಬಂದ್ರೆ ಒಂದೇ ಕಾರಣಕ್ಕೆ ಇಬ್ರಾಗ್ತೀವಿ. ನಾನು ಗೇಟಲ್ಲಿರ್ತೀನಿ" ಎಂದಳು. ಅವಳಿಗೂ ನೋಡುವ ಆಸೆಯಿತ್ತು. ಕಣ್ಣಿನಲ್ಲೇ ಕಾಣುತ್ತಿತ್ತು.

ಕೋಲು ಹಿಡಿದು ಹೊರಟೆ, ಬುತ್ತಿ ಕಟ್ಟಿಕೊಳ್ಳುವಷ್ಟು ವ್ಯವಧಾನವೂ ಇರಲಿಲ್ಲ. ದಾರಿ ಅಗಲವಾಗಿತ್ತು, ಎರಡು ಎತ್ತಿನಗಾಡಿ ಸರಿದು ಹೋಗುವಷ್ಟು. ಹುಣಸೆಯ ಕೆಳಗೆ ಫಿಲೋಮಿನಾ ಬಾಯಿ ತೆರೆದು ಮಲಗಿದ್ದಳು. ಅವಳ ಕಾಲಿನಿಂದ ಜಾರಿದ ಚಪ್ಪಲಿಗಳನ್ನು ಯಾರೋ ಜೋಡಿಸಿ ಇಟ್ಟಿದ್ದರು. ಪೋಸ್ಟ್‌ಮಾಸ್ತರರು ದೂರದ ಬಂಡೆಯ ಮೇಲೆ ಕೂತು ಮನಸಾರೆ ಕೆಮ್ಮುತ್ತಿದ್ದರು. ಜುಲೇಖಾಬಿ ಸೈಕಲ್ಲಿನ ಮೇಲೆ ನನ್ನನ್ನು ಹಾದು ಹೋಗುತ್ತ, "ಬ್ರೇಕ್ ಎಲ್ಲಿ ವಾರಿಜಕ್ಕ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೊದೆಯೊಳಗೆ ಹೋದಳು. ನಗುತ್ತಲೇ ಎದ್ದು ಬಂದಳು.

ಬೇವಿನ ಮರ ದಾಟಿದೆ. ಆಗ ಆ ವಾಸನೆ ಬಂತು. ಬಂಡೆಗಳ ನಡುವೆ ಒಂದಾಳಿನಷ್ಟು ಸಂದು, ಅದರಾಚೆ ಹಸಿರು. ನನ್ನ ಕಾಲು ಮೂರನೇ ಕ್ಲಾಸಿನ ಕಾಲಾಯಿತು. ಕೋಲನ್ನು ಬಂಡೆಗೆ ಒರಗಿಸಿ ಒಂದು ಕೈ ಒಳಗೆ ಚಾಚಿದೆನಷ್ಟೆ, ಕೆಳಗಿನಿಂದ ಹಾರ್ನ್ ಕೇಳಿಸಿತು. ಒಂದಲ್ಲ, ಸಾಲು ಸಾಲು ಬಸ್ಸುಗಳು. ಸೂರ್ಯಾಸ್ತದವರು.

ಗೇಟಿನಿಂದ ಅವರು ಹತ್ತಿ ಬರುತ್ತಿದ್ದ ಹಾಗೆ ಬಂಡೆ ನನ್ನ ಮೊಣಕೈಗೆ ತಾಗಿತು. ಕೈ ಹಿಂದೆಳೆದುಕೊಂಡೆ. ಸಂದು ಕಿರಿದಾಯಿತು, ಹಸಿರು ಒಂದು ಎಳೆಯಷ್ಟಾಯಿತು. ಭುವನಾ ಅವರನ್ನು ತಡೆಯಬಹುದಿತ್ತು. ಆದರೆ ಅಷ್ಟು ದೂರದಿಂದ ಬಂದವರನ್ನು ಹಿಂದೆ ಕಳಿಸುವ ಮನಸ್ಸು ಅವಳಿಗೆ ಇರಲಾರದು, ನನಗೂ ಇರುತ್ತಿರಲಿಲ್ಲ. ಹಿಂತಿರುಗಿ ನೋಡಿದೆ. ಇಡೀ ಇಳಿಜಾರು ಮಡಚಿಕೊಳ್ಳುತ್ತಿತ್ತು. ಅಲ್ಲಲ್ಲಿ ಚದುರಿದ್ದ ನಮ್ಮವರೆಲ್ಲ ಹತ್ತಿರ ಹತ್ತಿರ ಸರಿದು, ಬಸ್ಸಿನವರ ನಡುವೆ ಸಿಕ್ಕಿಕೊಂಡರು.

ಹಾಗೆ ಹತ್ತಿರ ಬಂದದ್ದೇ ಒಳ್ಳೆಯದಾಯಿತೋ ಏನೋ. ಅನುಸೂಯಕ್ಕನ ಸಂಡಿಗೆಯ ಸೀರೆ ಗಾಳಿಗೆ ಎದ್ದಿತು. "ಅಯ್ಯಯ್ಯೋ, ಹಿಡೀರಿ, ಹಿಡೀರಿ" ಎಂದು ಅವಳು ಕೂಗಿದ್ದಕ್ಕೆ ಫೋನು ಹಿಡಿದಿದ್ದ ಕಾಲೇಜು ಹುಡುಗಿಯರು ಸಂಡಿಗೆಯ ಹಿಂದೆ ಓಡಿದರು. ಹಿಡಿದದ್ದರಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡವಳು, "ಆಂಟಿ, ಇದಕ್ಕೆ ಏನೇನು ಹಾಕ್ತೀರಿ?" ಎಂದು ಅಲ್ಲೇ ಕುಕ್ಕರಿಸಿದಳು. ಜುಲೇಖಾಬಿ ವಾಲುತ್ತ ಬಂದಾಗ ಒಬ್ಬ ದಪ್ಪ ಮೀಸೆಯವರು ಸೀಟು ಹಿಡಿದು, "ಮುಂದೆ ನೋಡಿ ಅಮ್ಮಾ, ನೆಲ ನೋಡ್ಬೇಡಿ. ನಾನು ಬಿಡಲ್ಲ" ಎನ್ನುತ್ತ ಹಿಂದೆಯೇ ಓಡಿದರು, ಹೆಂಡತಿ ಕರೆದರೂ ಕೇಳಿಸಲಿಲ್ಲ. ಹುಣಸೆಯ ಕೆಳಗೆ ಇಳಿಬಿಸಿಲು ಫಿಲೋಮಿನಾಳ ಮುಖಕ್ಕೆ ಬೀಳುತ್ತಿತ್ತು. ಬಸ್ಸಿನಿಂದ ಇಳಿದ ಅಜ್ಜಿಯೊಬ್ಬಳು ಸೂರ್ಯನಿಗೆ ಬೆನ್ನು ಮಾಡಿ, ಸೆರಗು ಅಗಲಿಸಿ ನಿಂತು, ಬಂದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ವೆಂಕಟಪತಿ ಒಂದು ಸ್ವರ ತಪ್ಪಿದಾಗ ಗುಂಪಿನಲ್ಲಿದ್ದ ಯಾರೋ ಅದನ್ನು ಸರಿಯಾಗಿ ಗುನುಗಿದರು. ಅವನು ಪೀಪಿ ಇಳಿಸಿ, "ಇನ್ನೊಂದ್ಸಲ ಹೇಳಿ ಸಾರ್" ಎಂದ.

ಸೂರ್ಯ ಮುಳುಗುತ್ತಿದ್ದ, ಚೆನ್ನಾಗಿಯೇ ಮುಳುಗುತ್ತಿದ್ದ. ನೋಡುತ್ತಿದ್ದವರೂ ಇದ್ದರು. ಆದರೆ ಅರ್ಧಕ್ಕರ್ಧ ಜನ ತಾವು ಬಂದದ್ದು ಯಾಕೆಂದು ಮರೆತಿದ್ದರು. ನನ್ನ ಅಂಗಾಲಿನಡಿಯಲ್ಲಿ ಗುಡ್ಡ ದೊಡ್ಡದೊಂದು ಉಸಿರು ತೆಗೆದುಕೊಂಡ ಹಾಗಾಯಿತು. ದಾರಿಗಳು ಬಿಚ್ಚಿಕೊಂಡವು. ಜನರ ನಡುವೆ ಹುಲ್ಲು ಬಂತು, ಕಲ್ಲು ಬಂತು, ಗಾಳಿ ಬಂತು. ಗೇಟು ದೂರ ಸರಿದು ಬೆಂಕಿಪೊಟ್ಟಣದಷ್ಟಾಯಿತು. ಅಲ್ಲಿ ಒಂದು ಟೋಪಿ ಮೇಲಕ್ಕೆ ಹಾರಿ ಕೆಳಗೆ ಬಿತ್ತು, ಮತ್ತೆ ಹಾರಿತು. ಇನ್ನು ಈ ಗೇಟಿಗೆ ಬೀಗ ಹಾಕುವ ಮಾತು ಯಾರೂ ಎತ್ತಲಾರರು ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ತಿರುಗಿದೆ. ಬಂಡೆಗಳ ನಡುವಿನ ಸಂದು ಬಾಗಿಲಿನಷ್ಟಾಗಿತ್ತು. ಅಡ್ಡಡ್ಡ ನುಸುಳಬೇಕಾಗಲೇ ಇಲ್ಲ, ನೆಟ್ಟಗೆ ನಡೆದು ಹೋದೆ.

ಎಲ್ಲ ಹಾಗೇ ಇತ್ತು. ಹುಲ್ಲು ನನ್ನ ಸೊಂಟದವರೆಗೆ ಬರುತ್ತಿತ್ತು. ಆಗ ನನ್ನ ತಲೆಗಿಂತ ಎತ್ತರವಿತ್ತು, ಅಷ್ಟೇ ವ್ಯತ್ಯಾಸ. ಅಮ್ಮ ಕೂತಿದ್ದ ನಡುಮಧ್ಯೆ ಹೋದೆ. ಅಲ್ಲಿ ಯಾರೋ ಕೂತಿದ್ದರು. ನಡುವಯಸ್ಸಿನ ಹೆಂಗಸು, ಕಾಲ ಬಳಿ ಒಂದು ಬಟ್ಟೆಚೀಲ. ನಮ್ಮೂರಿನವಳಲ್ಲ, ಬಸ್ಸಿನವಳೋ ಏನೋ. ನನಗಿಂತ ಮೊದಲು ಯಾವ ಕಡೆಯಿಂದ ಬಂದಳೋ ತಿಳಿಯಲಿಲ್ಲ. ಚಪ್ಪಲಿ ಬಿಟ್ಟು, ಪಾದಗಳನ್ನು ಹುಲ್ಲಿನಲ್ಲಿ ಹುಗಿದು, ಆಕಾಶ ನೋಡುತ್ತಿದ್ದಳು. ಅತ್ತಿದ್ದಳೋ, ನಕ್ಕಿದ್ದಳೋ, ಕಣ್ಣುಗಳು ತೇವವಾಗಿದ್ದವು.

"ಯಾಕೆ..." ಎಂದೆ. ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವಳು ನನ್ನ ಕಡೆ ತಿರುಗಿದಳು. ನಾನು ಉಳಿದ ಮಾತನ್ನು ನುಂಗಿಕೊಂಡೆ. ಅಮ್ಮ ಆವತ್ತು ಯಾಕೆ ಹೇಳಲಿಲ್ಲವೆಂಬ ನನ್ನ ಹಳೆಯ ಕುತೂಹಲವೂ ಅದರ ಜೊತೆಗೇ ಒಳಗಿಳಿದು ತಣ್ಣಗಾಯಿತು.

ಅವಳೂ ನನ್ನನ್ನು ಏನೂ ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿದಳು. ನಾನು ಮೊಣಕಾಲು ಹಿಡಿದು ಮೆಲ್ಲಗೆ ಕೂತೆ. ಹೊಸಕಿದ ಹುಲ್ಲಿನ ವಾಸನೆ ನಮ್ಮಿಬ್ಬರ ಸುತ್ತ ಎದ್ದಿತು. ಅವಳು ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದಳು. ಚಿತ್ರಾನ್ನ, ಅಂಚಿಗೆ ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ. ಎಲೆಯನ್ನು ನಡುವೆ ಸೀಳಿ, ಅನ್ನವನ್ನು ಎರಡು ಪಾಲು ಮಾಡಿ, ಉಪ್ಪಿನಕಾಯಿ ಇದ್ದ ಪಾಲನ್ನು ನನ್ನ ಕೈಗಿಟ್ಟಳು.